ಲೋಡು ಜಾರುತ್ತಿದೆ, ಜಾಕ್ ಕುಸಿಯುತ್ತಿದೆ, ಅಲಾರಂ ನಿಲ್ಲುತ್ತಿಲ್ಲ: ಗಣಿಯ ಮೊಬೈಲ್ ಕ್ರೇನಿನ ದೋಷ ಪತ್ತೆ

ಸಂಡೂರು–ಹೊಸಪೇಟೆ ಭಾಗದ ಕಬ್ಬಿಣದ ಅದಿರಿನ ಗಣಿಗಳಲ್ಲಿ ಕ್ರೇನಿಗೆ ಬೀಳುವ ಕೆಲಸ ಹೆಚ್ಚು ಕಡಿಮೆ ಒಂದೇ ಬಗೆಯದು. ಡಂಪರಿನ ಎಂಜಿನ್ ಇಳಿಸುವುದು, ಶಾವೆಲ್ ಬಕೆಟ್ ಬದಲಿಸುವುದು, ಕನ್ವೇಯರ್ ಪುಲ್ಲಿ ಕೂರಿಸುವುದು, ಕ್ರಷರಿನ ಮ್ಯಾಂಟಲ್ ಎತ್ತುವುದು. ಕಾರ್ಖಾನೆಯಲ್ಲಾದರೆ ಕ್ರೇನಿನ ಅಡಿಯಲ್ಲಿ ಕಾಂಕ್ರೀಟ್ ಇರುತ್ತದೆ. ಇಲ್ಲಿರುವುದು ಡೋಜರ್ ಬೆಳಿಗ್ಗೆಯಷ್ಟೇ ಸಮ ಮಾಡಿಹೋದ ನೆಲ, ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ಕೆಸರು. ಹೀಗಾಗಿ ದೋಷ ಹುಡುಕುವಾಗ ಮೊದಲು ನೆಲ, ಆಮೇಲೆ ಮಟ್ಟ, ತೂಕ, ಕಟ್ಟಿದ ರೀತಿ ನೋಡಿ. ಹೈಡ್ರಾಲಿಕ್ಸ್‌ಗೂ ವೈರಿಂಗಿಗೂ ಕೈ ಹಾಕುವುದು ಕೊನೆಗೆ. ಇದು ಸುರಕ್ಷತೆಗಷ್ಟೇ ಅಲ್ಲ, ಜೇಬಿಗೂ ಒಳ್ಳೆಯದು. ಜಾಕಿನ (ಕ್ರೇನನ್ನು ಹೊತ್ತು ನಿಲ್ಲುವ ಹೈಡ್ರಾಲಿಕ್ ಕಾಲಿನ) ಅಡಿಗೆ ಹಾಸಿದ ಮ್ಯಾಟ್ ಕುಸಿಯುತ್ತಿದ್ದ ಕ್ರೇನಿಗೆ ಸೀಲ್ ಕಿಟ್ ಹಾಕಿಸಿ ದುಡ್ಡು ಕಳೆದವರು ಬೇಕಾದಷ್ಟಿದ್ದಾರೆ.

ಯಾವ ಲಕ್ಷಣವೇ ಇರಲಿ, ಮೊದಲು ಲೋಡು ನೆಲಕ್ಕೆ ಬರಬೇಕು. ಲೋಡು ಗಾಳಿಯಲ್ಲಿರುವಾಗ ವಾಲ್ವಿನ ಸ್ಕ್ರೂ, ಹೋಸಿನ ನಟ್ಟು, ಬ್ರೇಕಿನ ಪೈಪು ಯಾವುದನ್ನೂ ಸಡಿಲಿಸಬೇಡಿ. ಇಳಿಸಿದ ಮೇಲೆ ಎಂಜಿನ್ ಆಫ್ ಮಾಡಿ, ಕೀಲಿ ರಿಪೇರಿ ಮಾಡುವವರ ಜೇಬಿನಲ್ಲಿರಲಿ, ಸ್ಟೀರಿಂಗಿಗೆ ಟ್ಯಾಗ್ ಕಟ್ಟಿ. ಲೋಡು ಇಳಿಯದೆ ಸಿಕ್ಕಿಕೊಂಡರೆ ಬೂಮಿನ (ಕ್ರೇನಿನ ತೋಳಿನ) ಉದ್ದಕ್ಕಿಂತ ದೂರಕ್ಕೆ ಎಲ್ಲರನ್ನೂ ಕಳಿಸಿ, ಕ್ರೇನ್ ತಯಾರಕರ ತುರ್ತು ಇಳಿಕೆಯ ವಿಧಾನ ಗೊತ್ತಿರುವವರನ್ನೇ ಕರೆಸಿ.

ಎತ್ತಿ ನಿಲ್ಲಿಸಿದ ಲೋಡು ತಾನಾಗಿ ಇಳಿಯುತ್ತಿದೆ

ಈ ದೂರು ಬಂದ ಕೂಡಲೇ ಎಲ್ಲರ ಬೆರಳೂ ರೋಪು ಸುತ್ತುವ ವಿಂಚಿನ ಬ್ರೇಕಿನತ್ತ ಹೋಗುತ್ತದೆ. ಆದರೆ ಲೋಡು ಇಳಿಯುವುದಕ್ಕೆ ದಾರಿಗಳು ಹಲವು: ವಿಂಚಿನ ಡ್ರಮ್ ತಿರುಗಬಹುದು, ಬೂಮ್ ಎತ್ತುವ ಸಿಲಿಂಡರ್ ಕುಗ್ಗಬಹುದು, ಬೂಮಿನ ಒಳತುಂಡು ಹಿಂದೆ ಸರಿಯಬಹುದು, ಜಾಕ್ ಅಥವಾ ನೆಲ ಕುಸಿಯಬಹುದು. ಇವುಗಳಲ್ಲಿ ಅಲುಗಾಡುತ್ತಿರುವುದು ಯಾವುದೆಂದು ಕಂಡುಕೊಳ್ಳಲು ಒಂದು ಸೀಮೆಸುಣ್ಣ, ಒಂದು ಟೇಪು ಸಾಕು.

ತೂಕ ಖಚಿತವಾಗಿ ಗೊತ್ತಿರುವ, ಆ ರೇಡಿಯಸ್ಸಿಗೆ (ಕ್ರೇನ್ ತಿರುಗುವ ಕೇಂದ್ರದಿಂದ ಹುಕ್ಕಿಗಿರುವ ದೂರಕ್ಕೆ) ಲೋಡ್ ಚಾರ್ಟ್ ಹೇಳುವುದರ ಅರ್ಧವನ್ನು ಮೀರದ ಲೋಡು ತೆಗೆದುಕೊಳ್ಳಿ. ನೆಲದಿಂದ 300 ಮಿ.ಮೀ. ಎತ್ತಿ, ಅಡಿಗೆ ಸ್ಲೀಪರ್ ಕಟ್ಟಿಗೆ ಇಟ್ಟು, ಲಿವರ್ ನ್ಯೂಟ್ರಲ್‌ಗೆ ತಂದು ಎಂಜಿನ್ ಆಫ್ ಮಾಡಿ. ಡ್ರಮ್ಮಿನ ಅಂಚಿನಿಂದ ಅದರ ಫ್ರೇಮಿನವರೆಗೆ ನೇರವಾಗಿ ಒಂದು ಗೆರೆ ಎಳೆಯಿರಿ. ಬೂಮಿನ ಒಳತುಂಡು ಹೊರಬಂದಿರುವ ಅಂಚಿನಲ್ಲಿ ಇನ್ನೊಂದು ಗೆರೆ. ಎತ್ತುವ ಸಿಲಿಂಡರಿನ ಗ್ಲ್ಯಾಂಡಿನಿಂದ (ರಾಡ್ ಹೊರಬರುವ ಬಾಯಿಂದ) ರಾಡಿನ ಕಣ್ಣಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಹೊಳೆಯುವ ರಾಡಿನ ಮೇಲೆ ಮೊಳೆಯಿಂದ ಗೀಚುವುದು ಬೇಡ, ಅದೇ ನಾಳೆ ಸೀಲನ್ನು ಹರಿಯುತ್ತದೆ. ನಾಲ್ಕೂ ಜಾಕುಗಳಲ್ಲಿ ರಾಡ್ ಎಷ್ಟು ಹೊರಗಿದೆ ಎಂದೂ ಅಳೆಯಿರಿ. ಮಟ್ಟದ ಬಬಲ್ ಎಲ್ಲಿದೆ ನೋಡಿಕೊಳ್ಳಿ. ಹತ್ತು ನಿಮಿಷ ಬಿಟ್ಟು ಎಲ್ಲವನ್ನೂ ಮತ್ತೆ ನೋಡಿ. ಈ ಹೊತ್ತಿನಲ್ಲಿ ಲೋಡಿನ ಕೆಳಗಾಗಲಿ ಬೂಮಿನ ಕೆಳಗಾಗಲಿ ಯಾರೂ ಹೋಗಕೂಡದು.

ಡ್ರಮ್ಮಿನ ಗೆರೆ ಮುರಿದಿದ್ದರೆ ವಿಂಚ್ ಬ್ರೇಕ್ ಹಿಡಿಯುತ್ತಿಲ್ಲ ಎಂದರ್ಥ. ಕ್ರೇನನ್ನು ಅಲ್ಲಿಗೇ ನಿಲ್ಲಿಸಿ. ಈ ಬ್ರೇಕುಗಳು ಸಾಮಾನ್ಯವಾಗಿ ಸ್ಪ್ರಿಂಗಿನಿಂದ ಹಿಡಿದು ಆಯಿಲ್ ಒತ್ತಡದಿಂದ ಬಿಡುವಂಥವು. ಡಿಸ್ಕ್ ಸವೆದರೆ, ಸ್ಪ್ರಿಂಗ್ ಸೋತರೆ ಜಾರುತ್ತವೆ. ಇದಲ್ಲದೆ ಹೆಚ್ಚು ಜನ ನೋಡದ ಅಗ್ಗದ ಕಾರಣ ಒಂದಿದೆ: ರಿಟರ್ನ್ ಫಿಲ್ಟರ್ ಕಟ್ಟಿಕೊಂಡರೆ ವಾಪಸು ಹೋಗುವ ಸಾಲಿನಲ್ಲಿ ಒತ್ತಡ ಉಳಿದುಕೊಳ್ಳುತ್ತದೆ, ಆ ಉಳಿಕೆ ಒತ್ತಡ ಬ್ರೇಕನ್ನು ಅರ್ಧ ಬಿಟ್ಟೇ ಇಟ್ಟಿರಬಹುದು. ಎಂಜಿನ್ ಓಡುತ್ತಿದ್ದಾಗ ಮಾತ್ರ ಜಾರಿ, ಆಫ್ ಮಾಡಿದರೆ ನಿಲ್ಲುತ್ತಿದ್ದರೆ ಮೊದಲು ಫಿಲ್ಟರ್ ನೋಡಿ. ಆಫ್ ಮಾಡಿದ ಮೇಲೂ ಜಾರುತ್ತಿದ್ದರೆ ಬ್ರೇಕ್ ಬಿಚ್ಚಬೇಕು. ಅದು ಸೈಟಿನ ಧೂಳಿನಲ್ಲಿ ಮಾಡುವ ಕೆಲಸವಲ್ಲ.

ಡ್ರಮ್ ಕದಲದೆ ಸಿಲಿಂಡರಿನ ಅಳತೆ ಕಡಿಮೆಯಾಗಿದ್ದರೆ ಸಿಲಿಂಡರಿಗೆ ಕಟ್ಟಿರುವ ಹೋಲ್ಡಿಂಗ್ ವಾಲ್ವ್ ಅಥವಾ ಒಳಗಿನ ಪಿಸ್ಟನ್ ಸೀಲ್ ಸೋರುತ್ತಿದೆ. ಹೊರಗೆ ಒಂದು ಹನಿ ಆಯಿಲ್ ಕಾಣದಿದ್ದರೂ ಇದು ಆಗುತ್ತದೆ. ಹೋಲ್ಡಿಂಗ್ ವಾಲ್ವಿನ ಸ್ಕ್ರೂ ತಿರುಗಿಸಿ ಸರಿಮಾಡುವ ಚಾಳಿ ಬಿಡಬೇಕು. ಹೋಸ್ ಒಡೆದರೆ ಬೂಮನ್ನು ಹಿಡಿದು ನಿಲ್ಲಿಸುವುದು ಆ ವಾಲ್ವ್ ಒಂದೇ, ಅದರ ಸೆಟ್ಟಿಂಗಿಗೆ ಗೇಜು ಬೇಕು, ಅಂದಾಜು ಸಾಲದು.

ಒಳತುಂಡು ಹಿಂದೆ ಸರಿದಿದ್ದರೆ ಗಾಬರಿಗೆ ಮುಂಚೆ ಒಂದು ಲೆಕ್ಕ ಹಾಕಿ. ಹೈಡ್ರಾಲಿಕ್ ಆಯಿಲ್ ಒಂದು ಡಿಗ್ರಿ ತಣಿದರೆ ಅದರ ಗಾತ್ರ ಸುಮಾರು ಶೇ. 0.07ರಷ್ಟು ಕುಗ್ಗುತ್ತದೆ. 5 ಮೀಟರ್ ಹೊರಬಂದಿರುವ ಟೆಲಿಸ್ಕೋಪ್ ಸಿಲಿಂಡರಿನ ಆಯಿಲ್ 10 ಡಿಗ್ರಿ ತಣಿದರೆ ಬೂಮ್ ಸುಮಾರು 35 ಮಿ.ಮೀ. ಒಳಗೆ ಬರುತ್ತದೆ, ಯಾವ ಸೀಲೂ ಹೋಗಿರಬೇಕೆಂದಿಲ್ಲ. ಕೆಲವೊಮ್ಮೆ ಜಾರುಪಟ್ಟಿಗಳು ಒಣಗಿದ್ದರೆ ನಯವಾಗಿ ಬರದೆ ತಡೆದು ತಡೆದು ‘ಧಡ್’ ಎನ್ನುತ್ತಾ ಬರುತ್ತದೆ. ಗುರುತಿಸುವುದು ಸುಲಭ: ತಣಿಯುವುದರಿಂದಾದ ಕುಗ್ಗುವಿಕೆ ಮೊದಲು ಹೆಚ್ಚು, ಬರಬರುತ್ತಾ ಕಡಿಮೆ, ಕೊನೆಗೆ ನಿಲ್ಲುತ್ತದೆ. ಸೋರಿಕೆಯದು ನಿಲ್ಲುವುದಿಲ್ಲ, ಹತ್ತು ನಿಮಿಷಕ್ಕೆ ಎಷ್ಟೋ ಮುಂದಿನ ಹತ್ತು ನಿಮಿಷಕ್ಕೂ ಹೆಚ್ಚು ಕಡಿಮೆ ಅಷ್ಟೇ. ಬೆಳಿಗ್ಗೆಯಿಂದ ಬಿಸಿಲಲ್ಲಿ ಕಾದ ಕ್ರೇನು ಮಳೆ ಬಿದ್ದ ಕೂಡಲೇ ‘ಹಾಳಾಯಿತು’ ಎನ್ನಿಸಿಕೊಳ್ಳುವುದು ಹೀಗೆ.

ಯಾವ ಅಳತೆಯೂ ಬದಲಾಗದೆ ಲೋಡು ಮಾತ್ರ ಇಳಿದಿದ್ದರೆ ರೋಪಿನ ತುದಿಯನ್ನು ಬೆಣೆಯಿಂದ ಹಿಡಿಸಿರುವ ವೆಜ್ ಸಾಕೆಟ್ ನೋಡಿ. ಲೋಡು ಹೊರುವ ರೋಪು ಲೋಡಿನ ನೇರಕ್ಕೆ ಇರಬೇಕು. ಹೊರಬಿಟ್ಟ ಬಾಲ ಸಾಧಾರಣ ರೋಪಿಗೆ ವ್ಯಾಸದ 6 ಪಟ್ಟು, ತಿರುಚದ ಬಗೆಯ (ಭಾರ ಬಿದ್ದಾಗ ತಾನಾಗಿ ತಿರುಗದಂತೆ ಹೆಣೆದ) ರೋಪಿಗೆ 20 ಪಟ್ಟು ಇರಬೇಕು, ಎರಡರಲ್ಲೂ 150 ಮಿ.ಮೀ.ಗೆ ಕಡಿಮೆಯಾಗಬಾರದು. ಬಾಲವನ್ನೂ ಲೋಡಿನ ರೋಪನ್ನೂ ಸೇರಿಸಿ ಕ್ಲ್ಯಾಂಪ್ ಬಿಗಿದಿದ್ದರೆ ತಕ್ಷಣ ತೆಗೆಸಿ. ಲೋಡು ವೆಜ್ಜಿನ ಮೇಲೆ ಕೂರುವ ಬದಲು ಕ್ಲ್ಯಾಂಪಿನ ಮೇಲೆ ಕೂರುತ್ತದೆ, ಅದರಡಿಯ ಎಳೆಗಳು ಕಡಿಯುತ್ತವೆ.

ಇನ್ನೊಂದು ರೂಪಾಂತರ: ನಿಂತ ಲೋಡು ಸರಿಯಾಗಿಯೇ ಇದೆ, ಮತ್ತೆ ಮೇಲೆತ್ತಲು ಲಿವರ್ ಎಳೆದ ಕ್ಷಣ ಸ್ವಲ್ಪ ಕೆಳಗೆ ಕುಕ್ಕರಿಸಿ ಆಮೇಲೆ ಏರುತ್ತದೆ. ಮೋಟರಿಗೆ ಬಲ ಬರುವ ಮೊದಲೇ ಬ್ರೇಕ್ ಬಿಡುತ್ತಿದೆ. ಎಂಜಿನ್ ವೇಗ ಏರಿಸಿ ನೋಡಿ. ಹಾಗೆ ಮಾಡಿದಾಗ ಕುಕ್ಕರಿಸುವುದು ಹೋದರೆ ಆಪರೇಟರ್ ಐಡಲ್‌ನಲ್ಲೇ ಎತ್ತುತ್ತಿದ್ದರು ಅಷ್ಟೇ. ಹೋಗದಿದ್ದರೆ, ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಮೋಟರಿನ ಒಳಸೋರಿಕೆ. ಮೆಕ್ಯಾನಿಕ್ ನೋಡುವವರೆಗೆ ಲೋಡ್ ಹಾಕಬೇಡಿ.

ಜಾಕ್ ಕುಸಿಯುತ್ತಿದೆ, ಬಬಲ್ ನಡುವಿನಿಂದ ಸರಿದಿದೆ

ಜಾಕಿನ ರಾಡ್ ಕುಗ್ಗಿದೆಯೋ, ಮ್ಯಾಟೇ ಇಳಿದಿದೆಯೋ ಅಳೆದು ನೋಡಿ. ರಾಡ್ ಕುಗ್ಗಿದ್ದರೆ ಆ ಜಾಕಿನ ಚೆಕ್ ವಾಲ್ವ್ ಕಾರಣವಿರಬಹುದು, ಅಥವಾ ಮೇಲೆ ಹೇಳಿದ ತಣಿಯುವ ಕಾರಣ. ಮ್ಯಾಟ್ ಇಳಿದಿದ್ದರೆ ಮೆಕ್ಯಾನಿಕ್ ಕರೆಯುವುದರಿಂದ ಪ್ರಯೋಜನವಿಲ್ಲ.

ಒಂದು ಜಾಕಿನ ಮೇಲೆ 30 ಟನ್ ಬಿದ್ದಿದೆ, ಅದರ ಪಾದದ ತಟ್ಟೆ 400 ಮಿ.ಮೀ. ವ್ಯಾಸದ್ದು ಎನ್ನಿ. ಆಗ ತಟ್ಟೆಯ ಕೆಳಗೆ ಚದರ ಮೀಟರಿಗೆ ಸುಮಾರು 239 ಟನ್ ಒತ್ತಡ. ಅದೇ ತಟ್ಟೆಯ ಅಡಿಗೆ 1.5 ಮೀಟರ್ ಚೌಕದ, ಬಾಗದಷ್ಟು ದಪ್ಪನೆಯ ಮ್ಯಾಟ್ ಹಾಕಿದರೆ ಒತ್ತಡ ಚದರ ಮೀಟರಿಗೆ 13.3 ಟನ್ನಿಗೆ ಇಳಿಯುತ್ತದೆ. ಬಾಗದಷ್ಟು ಎಂಬುದು ಮುಖ್ಯ. ತೆಳು ಹಲಗೆ ನಡುವೆ ಮಾತ್ರ ಒತ್ತಿಕೊಂಡು ಅಂಚುಗಳು ಮೇಲೇಳುತ್ತವೆ, ಆಗ ಹಾಕಿದ ಅಗಲವೆಲ್ಲ ವ್ಯರ್ಥ. ಸ್ಲೀಪರುಗಳನ್ನು ಸಂದಿಲ್ಲದೆ ಜೋಡಿಸಿ, ಎರಡನೇ ಸಾಲನ್ನು ಅಡ್ಡಕ್ಕೆ ಹಾಕಿ. ಜಾಕಿನ ಬೀಮಿನ ನಡುವೆ ಕಟ್ಟಿಗೆ ಕೊಟ್ಟು ಪಾದವನ್ನು ಗಾಳಿಯಲ್ಲಿ ಬಿಡುವುದು ಜಾಗ ಸಾಲದಾಗ ಮಾಡುವ ತಂತ್ರ. ಕ್ರೇನಿನ ನಿಲುವಿನ ಅಗಲ ಚಾರ್ಟು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯಾಗುವುದರಿಂದ ಇಡೀ ಚಾರ್ಟೇ ಸುಳ್ಳಾಗುತ್ತದೆ.

ಮಟ್ಟ ಶೇ. 1ರ ಒಳಗಿರಬೇಕು, ಅಂದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಇದು ಅತಿಯಾದ ಕಟ್ಟುನಿಟ್ಟು ಎನಿಸಿದರೆ ನೋಡಿ: 30 ಮೀಟರ್ ಬೂಮ್ ಬಹುತೇಕ ನೆಟ್ಟಗೆ ನಿಂತಿರುವಾಗ ಕ್ರೇನ್ ಪಕ್ಕಕ್ಕೆ ಒಂದೇ ಡಿಗ್ರಿ ವಾಲಿದರೂ ಬೂಮಿನ ತುದಿ ಅರ್ಧ ಮೀಟರಿಗೂ ಹೆಚ್ಚು ಸರಿಯುತ್ತದೆ. ಬೂಮ್ ಮೇಲಿಂದ ಕೆಳಕ್ಕೆ ಎಳೆಯುವ ಭಾರಕ್ಕೆ ಬಲವಾಗಿರುತ್ತದೆ, ಪಕ್ಕಕ್ಕೆ ಎಳೆಯುವ ಭಾರಕ್ಕಲ್ಲ.

ಗಣಿಯಲ್ಲಿ ಯಾವ ನೆಲ ನಂಬಬಾರದು? ಡಂಪಿನ ಅಂಚು, ಹಳೆ ಹೊಂಡ ಮುಚ್ಚಿದ ಜಾಗ, ಚರಂಡಿ ಪೈಪಿನ ಮೇಲ್ಭಾಗ, ಬ್ಲಾಸ್ಟಿಂಗಿಂದ ಸಡಿಲಾದ ಬೆಂಚಿನ (ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದ) ಮುಖ. ಬೆಂಚಿನ ಅಂಚಿನಿಂದ ಜಾಕಿಗೆ ಕನಿಷ್ಠ ಆ ಬೆಂಚಿನ ಎತ್ತರದಷ್ಟು ದೂರ ಬಿಡಿ. 6 ಮೀಟರ್ ಬೆಂಚಾದರೆ 6 ಮೀಟರ್. ಡಂಪಿನಂಥ ಸಡಿಲ ರಾಶಿಯಾದರೆ ಅದರ ಒಂದೂವರೆ ಪಟ್ಟು, ಎರಡು ಪಟ್ಟು, ಅದೂ ಗಣಿಯ ಎಂಜಿನಿಯರ್ ಒಪ್ಪಿದ ಮೇಲೆ. ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಷ್ಟು ಬಿರುಕು ಕಂಡರೂ ಕ್ರೇನ್ ಹಿಂದಕ್ಕೆ ತೆಗೆಯಿರಿ. ನಿನ್ನೆ ನಿಂತಿದ್ದ ಜಾಗವೇ ಆದರೂ ರಾತ್ರಿ ಮಳೆಯಾಗಿದ್ದರೆ ಹೊಸ ಜಾಗವೆಂದೇ ತಿಳಿಯಿರಿ.

ಲೋಡಿನ ಎದುರು ಮೂಲೆಯ ಜಾಕನ್ನೂ ನೋಡಬೇಕು. ಎತ್ತುವ ಮೊದಲು ಅದರ ಪಾದದ ಕೆಳಗೆ ಉದ್ದನೆಯ ರಟ್ಟಿನ ತುಂಡು ಸಿಕ್ಕಿಸಿಡಿ. ಲೋಡು ನೆಲ ಬಿಟ್ಟು 100 ಮಿ.ಮೀ. ಮೇಲಿದ್ದಾಗ ದೂರದಿಂದ ದಾರ ಕಟ್ಟಿ ಎಳೆದರೆ ರಟ್ಟು ಸಲೀಸಾಗಿ ಬಂದರೆ ಆ ಪಾದ ಭಾರ ಕಳೆದುಕೊಂಡಿದೆ. ಲೋಡ್ ಇಳಿಸಿ, ರೇಡಿಯಸ್ ಕಡಿಮೆ ಮಾಡಿ, ತೂಕವನ್ನು ಮತ್ತೆ ಲೆಕ್ಕ ಹಾಕಿ.

ಲೋಡು ಹಗುರ, ಆದರೂ ಅಲಾರಂ ಬಡಿದುಕೊಳ್ಳುತ್ತಿದೆ

ಭಾರ ಮಿತಿಗೆ ಬಂದಾಗ ಎಚ್ಚರಿಸುವ ಸೇಫ್ ಲೋಡ್ ಇಂಡಿಕೇಟರ್ ಕೂಗಿಕೊಂಡಾಗ ಅದು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸುವುದು ಸೈಟಿನ ಅಭ್ಯಾಸ. ಗಣಿಯಲ್ಲಿ ಸುಳ್ಳು ಹೇಳುವುದು ಹೆಚ್ಚಾಗಿ ಡೆಲಿವರಿ ಚೀಟಿ. ಶಾವೆಲ್ ಬಕೆಟ್ಟಿನ ತೂಕ ಚೀಟಿಯಲ್ಲಿ ಖಾಲಿ ಬಕೆಟ್ಟಿನದು. ಮೂಲೆಯಲ್ಲಿ ಗಟ್ಟಿಯಾಗಿ ಕೂತ ಅದಿರಿನದಲ್ಲ. ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ತೂಗಿದರೆ ಕಬ್ಬಿಣದ ಅದಿರಿನ ಪುಡಿ ಎರಡೂವರೆ ಟನ್ನಿನ ಆಸುಪಾಸು. ಕಾಲು ಘನ ಮೀಟರ್ ಅಂಟಿಕೊಂಡಿದ್ದರೆ 600 ಕಿಲೋ ಹೆಚ್ಚಾಯಿತು. ಹುಕ್ ಬ್ಲಾಕ್, ಸ್ಪ್ರೆಡರ್, ಸ್ಲಿಂಗ್, ಶ್ಯಾಕಲ್ ಎಲ್ಲವೂ ಲೋಡಿಗೆ ಸೇರಬೇಕು. ಕೆಸರಿನಲ್ಲಿ ಹೂತ ವಸ್ತುವನ್ನು ಎಳೆಯುವಾಗ ಕೆಸರಿನ ಹೀರುವಿಕೆಯೂ ಸೇರುತ್ತದೆ, ಅದು ಬಿಟ್ಟ ಕ್ಷಣ ಬೂಮ್ ಹಿಂದಕ್ಕೆ ಪುಟಿಯುತ್ತದೆ. ಮೊದಲು ಸುತ್ತ ಅಗೆದು ಗಾಳಿ ಹೋಗಲು ಬಿಡಿ.

ತೂಕ ಸರಿಯಿದ್ದರೆ ಕ್ಯಾಬಿನ್ನಿನಲ್ಲಿ ಒತ್ತಿರುವ ಸೆಟ್ಟಿಂಗ್ ನೋಡಿ: ರೋಪಿನ ಎಷ್ಟು ಸಾಲು, ಜಾಕ್ ಪೂರ್ತಿ ಹೊರಗೋ ಅರ್ಧವೋ, ಜಿಬ್ (ಬೂಮಿನ ತುದಿಗೆ ಜೋಡಿಸುವ ಹೆಚ್ಚುವರಿ ತೋಳು) ಇದೆಯೋ ಇಲ್ಲವೋ. ಆಮೇಲೆ ಖಾಲಿ ಹುಕ್ಕಿನಲ್ಲಿ ಪರದೆಯ ಅಂಕಿಗಳನ್ನು ಅಳತೆಗೆ ಹೋಲಿಸಿ. ತಿರುಗುವ ಕೇಂದ್ರದಿಂದ ಹುಕ್ಕಿನ ನೇರಕ್ಕೆ ಟೇಪ್ ಹಿಡಿದು ರೇಡಿಯಸ್, ಬೂಮಿನ ಮೇಲೆ ಡಿಜಿಟಲ್ ಲೆವೆಲ್ ಇಟ್ಟು ಕೋನ. ಬೂಮಿನ ಉದ್ದ ತಪ್ಪು ತೋರಿಸಿದರೆ ಪಕ್ಕದಲ್ಲಿರುವ ಕೇಬಲ್ ರೀಲಿನಲ್ಲಿ ಧೂಳು ತುಂಬಿದೆ ಅಥವಾ ತಂತಿ ಹರಿದಿದೆ. ಗೊತ್ತಿರುವ ತೂಕ ಎತ್ತಿದಾಗ ಪರದೆಯ ಅಂಕಿ ನಿಜದ ಶೇ. 95ರಿಂದ 110ರ ನಡುವೆ ಬರಬೇಕು. ಕಡಿಮೆ ತೋರಿಸುವ ಮೀಟರು ಹೆಚ್ಚು ತೋರಿಸುವುದಕ್ಕಿಂತ ಅಪಾಯಕಾರಿ, ಅಲಾರಂ ಇಲ್ಲದ್ದರಿಂದ ಅದರ ಬಗ್ಗೆ ಯಾರೂ ದೂರುವುದಿಲ್ಲ.

ಈ ಸುರಕ್ಷತಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವ ಬೈಪಾಸ್ ಕೀಲಿ ಆಪರೇಟರ್ ಕೈಯಲ್ಲಿ ಇರಬಾರದು. ಹುಕ್ ಬೂಮಿನ ತುದಿಗೆ ಬಡಿಯದಂತೆ ತಡೆಯುವ ಲಿಮಿಟ್ ಸ್ವಿಚ್ಚಿನ ತೂಕದ ಗುಂಡನ್ನು ಬೈಂಡಿಂಗ್ ವೈರಿನಿಂದ ಮೇಲೆ ಕಟ್ಟಿರುವುದು ಕಂಡರೆ ಆ ಕ್ರೇನನ್ನು ಆ ದಿನ ಕೆಲಸಕ್ಕೆ ಬಿಡಬೇಡಿ. ಪರೀಕ್ಷೆ ಸರಳ: ಬೂಮ್ ತಗ್ಗಿಸಿ, ಗುಂಡನ್ನು ಕೋಲಿನಿಂದ ಎತ್ತಿ ಹಿಡಿದಾಗ ವಿಂಚ್ ಮೇಲೆತ್ತುವುದು ನಿಲ್ಲಬೇಕು.

ಹುಕ್ ಬ್ಲಾಕ್ ತನ್ನಷ್ಟಕ್ಕೆ ತಿರುಗುತ್ತದೆ, ರೋಪು ಉಬ್ಬಿದೆ

ಬ್ಲಾಕ್ ತಿರುಗಿ ರೋಪಿನ ಸಾಲುಗಳು ಒಂದಕ್ಕೊಂದು ಸುತ್ತಿಕೊಂಡರೆ ರೋಪಿನಲ್ಲಿ ತಿರುಚು ಸೇರಿಕೊಂಡಿದೆ. ಹೊಸ ರೋಪನ್ನು ಸುರುಳಿಯ ಪಕ್ಕದಿಂದ ಎಳೆದು ಹಾಕಿದಾಗ, ತಪ್ಪು ಬಗೆಯ ರೋಪು ಹಾಕಿದಾಗ ಹೀಗಾಗುತ್ತದೆ. ತುದಿ ಬಿಚ್ಚಿ ತಿರುಚು ಬಿಡಿಸಿ ಕಟ್ಟಿಸಿ. ಎಳೆಗಳು ಪಂಜರದಂತೆ ಉಬ್ಬಿದ್ದರೆ ಅಥವಾ ರೋಪು ಮಡಿಸಿದ ಗುರುತಿದ್ದರೆ ಸರಿಮಾಡುವ ಮಾತಿಲ್ಲ, ಬದಲಿಸಬೇಕು.

ಸಾಧಾರಣ ರೋಪಿನಲ್ಲಿ ಒಂದು ಸುತ್ತಿನ ಉದ್ದದಲ್ಲಿ (ಒಂದು ಎಳೆ ರೋಪನ್ನು ಪೂರ್ತಿ ಒಮ್ಮೆ ಸುತ್ತಿಬರುವ ಉದ್ದ) 6 ತಂತಿ ಮುರಿದಿದ್ದರೆ, ಅಥವಾ ಒಂದೇ ಎಳೆಯಲ್ಲಿ 3 ಮುರಿದಿದ್ದರೆ ತೆಗೆಯಿರಿ. ತಿರುಚದ ಬಗೆಯದಕ್ಕೆ ಮಿತಿ ಇನ್ನೂ ಕಡಿಮೆ: ವ್ಯಾಸದ 6 ಪಟ್ಟು ಉದ್ದದಲ್ಲಿ 2. ವರ್ನಿಯರ್ ಹಿಡಿಯುವಾಗ ಎಳೆಗಳ ಉಬ್ಬಿನಿಂದ ಉಬ್ಬಿಗೆ ಹಿಡಿಯಿರಿ, ತಗ್ಗಿನಿಂದ ತಗ್ಗಿಗಲ್ಲ. ವ್ಯಾಸ ಶೇ. 5 ಕುಗ್ಗಿದರೆ, ಅಂದರೆ 16 ಮಿ.ಮೀ. ರೋಪು 15.2ಕ್ಕೆ ಬಂದರೆ, ಅದರ ಆಯುಷ್ಯ ಮುಗಿಯಿತು. ಅದಿರಿನ ಧೂಳು ಗ್ರೀಸಿನ ಜತೆ ಸೇರಿದರೆ ಸಾಣೆಹುಡಿಯೇ; ಹಳೆ ಗ್ರೀಸ್ ಉಜ್ಜಿ ತೆಗೆಯದೆ ಹೊಸದು ಬಳಿಯುವುದು ಸವೆತಕ್ಕೆ ದಾರಿ. ಬಟ್ಟೆ ಹಿಡಿದು ಕೈಯಿಂದ ಸವರುತ್ತಾ ರೋಪು ಓಡಿಸಬೇಡಿ.

ಲೋಡು ವಾಲಿ ಏಳುತ್ತದೆ, ಸ್ಲಿಂಗ್ ಕಿರುಗುಟ್ಟುತ್ತದೆ

ಹುಕ್ ತೂಕದ ಕೇಂದ್ರದ ನೇರಕ್ಕಿಲ್ಲ. ಇಳಿಸಿ, ಹುಕ್ಕನ್ನು ಭಾರದ ಕಡೆಗೆ ಸರಿಸಿ. ಸ್ಲಿಂಗ್ ಅಗಲವಾಗಿ ಹರಡಿದಷ್ಟೂ ಒಳಗಿನ ಎಳೆತ ಏರುತ್ತದೆ: 6 ಟನ್ ಲೋಡನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುವಾಗ ಕಾಲು ಅಡ್ಡಗೆರೆಯಿಂದ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ 3.46 ಟನ್, 45ಕ್ಕೆ 4.24, 30ಕ್ಕೆ ಪೂರ್ತಿ 6 ಟನ್. ಚೂಪು ಅಂಚಿಗೆ ಹಳೆ ಕನ್ವೇಯರ್ ಬೆಲ್ಟಿನ ತುಂಡು ಕೊಡಿ. ಗಣಿಯಲ್ಲಿ ಅದಕ್ಕೆ ಬರವಿಲ್ಲ.

ಚಲನೆ ನಿಧಾನ, ಪಂಪ್ ಕೂಗುತ್ತಿದೆ, ಆಯಿಲ್ ಕಾಯುತ್ತಿದೆ

ಒಂದೇ ಚಲನೆ ನಿಧಾನವಾಗಿದ್ದರೆ ದೋಷ ಆ ಸಾಲಿನಲ್ಲಿ. ಎಲ್ಲವೂ ನಿಧಾನವಾಗಿದ್ದರೆ ಟ್ಯಾಂಕಿನಿಂದ ಶುರುಮಾಡಿ: ಆಯಿಲ್ ಮಟ್ಟ, ಸಕ್ಷನ್ ಸ್ಟ್ರೇನರ್, ಸಕ್ಷನ್ ಹೋಸಿನ ಕ್ಲ್ಯಾಂಪ್, ಎಂಜಿನ್ ಏರ್ ಫಿಲ್ಟರ್, ಕೊನೆಗೆ ಪಂಪ್. ಆಯಿಲ್‌ನಲ್ಲಿ ನೊರೆಯಿದ್ದರೆ ಗಾಳಿ ಸೇರುತ್ತಿದೆ, ಹಾಲಿನ ಬಣ್ಣವಿದ್ದರೆ ನೀರು ಸೇರಿದೆ. ಆಯಿಲ್ 80 ಡಿಗ್ರಿ ದಾಟುತ್ತಿದ್ದರೆ ಕೂಲರಿನ ರೆಕ್ಕೆಗಳಲ್ಲಿ ಕೆಂಪು ಧೂಳು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು; ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಿ.

ಸೂಜಿಮೊನೆಯಷ್ಟು ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿಯಿರಿ. ಒತ್ತಡದ ಆಯಿಲ್ ಚರ್ಮದೊಳಗೆ ಹೊಕ್ಕರೆ ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಆದರೂ ಆ ಗಂಟೆಯೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು, ಇಲ್ಲವಾದರೆ ಬೆರಳೇ ಹೋಗಬಹುದು.

ಕ್ಯಾಬಿನ್ ತಾನಾಗಿ ತಿರುಗುತ್ತದೆ, ತಿರುಗುವಾಗ ಕಟಕಟ ಸದ್ದು

ತಾನಾಗಿ ತಿರುಗಿದರೆ ಮೊದಲು ಮಟ್ಟ, ನಂತರ ಗಾಳಿ, ಆಮೇಲೆ ಸ್ವಿಂಗ್ ಬ್ರೇಕ್. ಸದ್ದಿದ್ದರೆ ತಿರುಗುವ ಚಕ್ರದ ಬೋಲ್ಟುಗಳ ಮೇಲಿನ ಬಣ್ಣದ ಗೆರೆಗಳನ್ನು ಒಂದೊಂದಾಗಿ ನೋಡಿ. ಗೆರೆ ಮುರಿದಿದ್ದರೆ ಬೋಲ್ಟು ಸಡಿಲ. ಒಂದೇ ಒಂದು ಬೋಲ್ಟು ತುಂಡಾಗಿದ್ದರೂ ಕ್ರೇನ್ ನಿಲ್ಲಬೇಕು. ಅದು ಬಿಟ್ಟ ಭಾರವನ್ನು ಪಕ್ಕದವು ಹೊತ್ತಿರುತ್ತವೆ.

ಹೈಡ್ರಾದ ಸ್ಟೀರಿಂಗ್ ಹಗುರವಾಯಿತು

ಎತ್ತಿಕೊಂಡೇ ಓಡುವ ಹೈಡ್ರಾದಲ್ಲಿ ಸ್ಟೀರಿಂಗ್ ಹಗುರವಾಗುವುದು, ಹಿಂದಿನ ಚಕ್ರ ಪುಟಿಯುವುದು ಮುಗುಚುವ ಮುನ್ಸೂಚನೆ. ಟೈರಿನ ಗಾಳಿ ಎರಡೂ ಕಡೆ ಸಮವಿದೆಯೇ ನೋಡಿ, ಅದು ಉಚಿತ. ಆಮೇಲೆ ಚಾರ್ಟ್ ನೋಡಿ: ನಡು ಬಗ್ಗಿಸಿ ತಿರುಗುವ ಹೈಡ್ರಾ ನೇರ ನಿಂತಾಗ ಎತ್ತುವಷ್ಟನ್ನು ಬಗ್ಗಿದಾಗ ಎತ್ತಲಾರದು, ಚಾರ್ಟಿನ ತೂಕವೂ ಗಟ್ಟಿ ಸಮತಟ್ಟು ನೆಲದ್ದು, ಡಂಪರ್ ಓಡಾಡುವ ಹಾಲ್ ರೋಡಿನ ಇಳಿಜಾರಿನದಲ್ಲ. ಲೋಡನ್ನು ನೆಲದಿಂದ ಅರ್ಧ ಮೀಟರಿನೊಳಗೆ ಇಟ್ಟುಕೊಂಡು ನಡಿಗೆಯ ವೇಗದಲ್ಲಿ ಹೋಗಿ. ಲೋಡನ್ನು ಕೈಯಲ್ಲಿ ಹಿಡಿದು ಯಂತ್ರದ ಮುಂದೆ ನಡೆಯುವ ಹೆಲ್ಪರ್ ಆಪರೇಟರಿಗೆ ಕಾಣುವುದಿಲ್ಲ. ಎರಡು ಹಗ್ಗ ಕಟ್ಟಿಸಿ, ಹಿಡಿಯುವವರನ್ನು ಪಕ್ಕಕ್ಕೆ ದೂರ ನಿಲ್ಲಿಸಿ.

ಹುಕ್ ಮುಟ್ಟಿದರೆ ಜುಮ್ಮೆನ್ನುತ್ತದೆ

ವಿದ್ಯುತ್ ತಂತಿ ಹತ್ತಿರದಲ್ಲಿದೆ. ಎಲ್ಲರೂ ಕ್ರೇನು, ಲೋಡು, ಹಗ್ಗ ಮೂರರಿಂದಲೂ ದೂರ ಸರಿಯಿರಿ. 50 ಕೆ.ವಿ.ವರೆಗಿನ ತಂತಿಗೆ 3 ಮೀಟರ್ ಎಂಬುದು ಕೊನೆಯ ಗಡಿ. ಲೈನ್ ಆಫ್ ಮಾಡಿಸಿ ಕೆಲಸ ಮಾಡುವುದೇ ಸರಿ. ತಂತಿ ತಗುಲಿಯೇ ಬಿಟ್ಟರೆ ಆಪರೇಟರ್ ಕ್ಯಾಬಿನ್ನಿನಲ್ಲೇ ಇದ್ದು ಬೂಮ್ ಬಿಡಿಸಲು ನೋಡಬೇಕು. ಬೆಂಕಿ ಹತ್ತಿದರೆ ಮಾತ್ರ ಎರಡೂ ಪಾದ ಜೋಡಿಸಿ ದೂರಕ್ಕೆ ಜಿಗಿದು, ಪಾದ ಎತ್ತದೆ ತೆವಳಿಸುತ್ತಾ ಹೋಗಬೇಕು. ಕ್ರೇನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಿದರೆ ಉಳಿಯುವುದಿಲ್ಲ.

ಮೆಕ್ಯಾನಿಕ್ ಕರೆಸುವಾಗ

ಹೇಳಬೇಕಾದ್ದು ಇಷ್ಟು: ಕ್ರೇನಿನ ಮಾಡೆಲ್, ಓಡಿದ ಗಂಟೆ, ದೋಷ ಕಂಡಾಗ ಬೂಮಿನ ಉದ್ದ–ಕೋನ–ತೂಕ, ಆಯಿಲ್ ತಣ್ಣಗಿತ್ತೋ ಬಿಸಿಯಿತ್ತೋ, ಸೀಮೆಸುಣ್ಣದ ಗೆರೆಗಳಲ್ಲಿ ಯಾವುದು ಎಷ್ಟು ಮಿ.ಮೀ. ಸರಿಯಿತು. ಯಾರಿಗಾದರೂ ಗಂಭೀರ ಪೆಟ್ಟಾಗಿದ್ದರೆ ಮೆಕ್ಯಾನಿಕ್ಕಿಗಿಂತ ಮೊದಲು ಗಣಿ ಮ್ಯಾನೇಜರಿಗೆ ತಿಳಿಸಿ. ಕಾನೂನಿನಂತೆ ಡಿಜಿಎಂಎಸ್‌ಗೆ (ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ) ನೋಟಿಸ್ ಹೋಗಬೇಕು. ಗಾಯಾಳುವನ್ನು ತೆಗೆಯಲು ಅಥವಾ ಮತ್ತೊಂದು ಅಪಘಾತ ತಡೆಯಲು ಬೇಕಾದಷ್ಟನ್ನು ಬಿಟ್ಟು, ಇನ್‌ಸ್ಪೆಕ್ಟರ್ ಬರುವವರೆಗೆ ಅಥವಾ ಒಪ್ಪಿಗೆ ಕೊಡುವವರೆಗೆ ಆ ಜಾಗದಲ್ಲಿ ಏನನ್ನೂ ಕದಲಿಸುವಂತಿಲ್ಲ. ಕ್ರೇನಿನ ರಿಪೇರಿಯೂ ಅಲ್ಲಿಯವರೆಗೆ ಕಾಯಬೇಕು.